11 ಹಾಡು, 26 ನಿಮಿಷ: ಅಣ್ಣ ಕಲಿತದ್ದೆಲ್ಲ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಉಡುಪಿಯವರು. ನನ್ನ ಅಣ್ಣನಿಗೆ ಈಗ 38 ವರ್ಷ. ಎಂಟನೇ ವಯಸ್ಸಿನಿಂದ ಕರ್ನಾಟಕ ಸಂಗೀತದ ವಯೊಲಿನ್ ಕಲಿತ, ಸೀನಿಯರ್ ಪರೀಕ್ಷೆ ಪಾಸಾದ. ಆಮೇಲೆ ಕೀಬೋರ್ಡ್, ಗಿಟಾರ್, ತಬಲಾ. ಮದುವೆಯ ರಸಮಂಜರಿ, ಭಜನೆ, ಇಗರ್ಜಿಯ ಗಾಯನ ಮಂಡಳಿ, ತುಳು ನಾಟಕದ ಹಿನ್ನೆಲೆ ಸಂಗೀತ, ಎಲ್ಲಿ ಕರೆದರೂ ಹೋಗಿ ನುಡಿಸುತ್ತಾನೆ. ಈಗ ಇದ್ದಕ್ಕಿದ್ದಂತೆ ಪಂಕ್ ಆಲ್ಬಂ ಮಾಡಿದ್ದಾನೆ. ಒಟ್ಟು 11 ಹಾಡು, ಬರೀ 26 ನಿಮಿಷ. ವಯೊಲಿನ್ ಎಲ್ಲೂ ಇಲ್ಲ. ತುಳುವಿನಲ್ಲಿ, ಕನ್ನಡದಲ್ಲಿ ಕಿರುಚುತ್ತಾನೆ. "ಮೂವತ್ತು ವರ್ಷ ಕಲಿತದ್ದು ಇದಕ್ಕಾ?" ಅಂತ ಅಮ್ಮನಿಗೆ ಬೇಸರ. ನನಗೂ ಅರ್ಥ ಆಗುತ್ತಿಲ್ಲ. ಹಾಡುಗಳನ್ನು ಕಳುಹಿಸಿದ್ದೇನೆ. ಇದನ್ನು ಹೇಗೆ ಕೇಳಬೇಕು? ಅವನು ಕಲಿತದ್ದೆಲ್ಲ ಹಾಳಾಯಿತಾ?

ಉತ್ತರ: ಮೂರು ಸಲ ಕೇಳಿದೆ. ಒಮ್ಮೆ ಮಂಗಳೂರಿನ ಕಂಕನಾಡಿಯ ನನ್ನ ಸ್ಟುಡಿಯೋದಲ್ಲಿ, ಒಮ್ಮೆ ಸುರತ್ಕಲ್ ಕಡೆಗೆ ಕಾರಿನಲ್ಲಿ ಹೋಗುವಾಗ, ಇನ್ನೊಮ್ಮೆ ರಾತ್ರಿ ಮನೆಯಲ್ಲಿ ಗಿಟಾರ್ ಹಿಡಿದುಕೊಂಡು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಮ್ಮನಿಗೂ ಓದಿ ಹೇಳಿ. ಕಲಿತದ್ದು ಹಾಳಾಗಿಲ್ಲ. ಎಲ್ಲವೂ ಅಲ್ಲೇ ಇದೆ. ನಿಮ್ಮ ಅಣ್ಣ ಅದನ್ನು ತೋರಿಸಿಲ್ಲ, ಅಷ್ಟೆ. ಬೇಕೆಂದೇ ತೋರಿಸಿಲ್ಲ.

ಒಂದು ಸಣ್ಣ ವಿಷಯ. ನೀವು ಇದನ್ನು ಮೊಬೈಲಿನ ಸ್ಪೀಕರಿನಲ್ಲೇ ಕೇಳಿರಬೇಕು. ಬಹಳ ಜನ ಹಾಗೇ ಕೇಳುತ್ತಾರೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಗೆ ಬಿಡುವುದೇ ಇಲ್ಲ. ಬೇಸ್ ಹೋಯಿತು, ಡ್ರಮ್ಮಿನ ದೊಡ್ಡ ಪೆಟ್ಟೂ ಹೋಯಿತು. ಉಳಿಯುವುದು ಗಿಟಾರಿನ ಗರಗರ ಮತ್ತು ಕೂಗು. ಅಷ್ಟನ್ನೇ ಕೇಳಿದರೆ ಯಾರಿಗಾದರೂ ಗಲಾಟೆ ಅಂತಲೇ ಅನಿಸುತ್ತದೆ. ಚಂಡೆ, ಮದ್ದಲೆ ಎರಡೂ ಇಲ್ಲದೆ ಯಕ್ಷಗಾನ ಕೇಳಿದ ಹಾಗೆ ಅದು. ಕಾರಿನಲ್ಲಿ ಕೇಳಿ. ಇಲ್ಲವೇ ಕಿವಿಗೆ ಸರಿಯಾಗಿ ಕೂರುವ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಸಲ ಗಿಟಾರಿನ ಕಡೆಗೆ ಗಮನ ಕೊಡಬೇಡಿ, ಬೇಸ್ ಮತ್ತು ಡ್ರಮ್ ಒಟ್ಟಿಗೆ ಹೇಗೆ ನಡೆಯುತ್ತವೆ ನೋಡಿ. ಈ ಆಲ್ಬಂನ ಅರ್ಧ ಜೀವ ಅಲ್ಲಿದೆ.

ಈಗ ಪಂಕ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. 1970ರ ದಶಕದ ನಡುವಿಗೆ ಬರುವಾಗ ರಾಕ್ ಸಂಗೀತ ದೊಡ್ಡ ವ್ಯಾಪಾರ ಆಗಿತ್ತು. ಇಪ್ಪತ್ತು ನಿಮಿಷದ ಹಾಡು, ಉದ್ದುದ್ದ ಗಿಟಾರ್ ಸೋಲೊ, ಲಾರಿಗಟ್ಟಲೆ ಸಾಮಾನು. ಕೈಯಲ್ಲಿ ದುಡ್ಡಿಲ್ಲದ ಹುಡುಗರಿಗೆ ಅದರ ಹತ್ತಿರ ಹೋಗುವ ದಾರಿಯೇ ಇರಲಿಲ್ಲ. ನ್ಯೂಯಾರ್ಕಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಕೆಲವರು ಅದಕ್ಕೆ ಬೆನ್ನು ತಿರುಗಿಸಿ ಸಣ್ಣ, ಸರಳ, ವೇಗದ ಹಾಡು ಮಾಡತೊಡಗಿದರು. ಅದೇ ಪಂಕ್. ರಮೋನ್ಸ್ ಎಂಬ ತಂಡದ ಮೊದಲ ಆಲ್ಬಂ 1976ರಲ್ಲಿ ಬಂತು. 14 ಹಾಡು, 29 ನಿಮಿಷ. ಅದಕ್ಕೆ ಆದ ಖರ್ಚು ಸುಮಾರು 6,400 ಡಾಲರ್. ಆ ಕಾಲದ ರಾಕ್ ಆಲ್ಬಂಗಳ ಮುಂದೆ ಅದು ತೀರಾ ಸಣ್ಣ ಮೊತ್ತ. ಆ ತಂಡದ ಗಿಟಾರಿಸ್ಟ್ ತಂತಿಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದರು. ಕೆಳಗಿಂದ ಮೇಲಕ್ಕೂ ಹೊಡೆದರೆ ಕೈಗೆ ಸುಲಭ, ಆದರೆ ಪೆಟ್ಟಿನ ತೂಕ ಕಡಿಮೆ ಆಗುತ್ತದೆ. ನಿಮಿಷಕ್ಕೆ 160–180 ತಾಳದ ವೇಗದಲ್ಲಿ ಅರ್ಧ ಗಂಟೆ ಹಾಗೆ ನುಡಿಸಿ ನೋಡಿ, ಮಣಿಕಟ್ಟು ಬಿದ್ದುಹೋಗುತ್ತದೆ. "ಏನೂ ಬಾರದವರು ಮಾಡಿದ ಸಂಗೀತ" ಅನ್ನುವವರು ಇದನ್ನು ಒಮ್ಮೆ ಪ್ರಯತ್ನಿಸಬೇಕು.

ನಿಮ್ಮ ಅಣ್ಣನ ಗಿಟಾರಿಗೆ ಬರೋಣ. ನನಗೆ ಅತಿ ಜಾಸ್ತಿ ಖುಷಿ ಕೊಟ್ಟ ವಿಷಯ ಇದು.

ಪಂಕ್ ಗಿಟಾರಿನ ಮುಖ್ಯ ಆಧಾರಕ್ಕೆ ಪವರ್ ಕಾರ್ಡ್ ಅನ್ನುತ್ತಾರೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸಾಮಾನ್ಯ ಕಾರ್ಡ್‌ನಲ್ಲಿ ಮೂರು ಸ್ವರ ಇರುತ್ತವೆ, ನಮ್ಮ ಲೆಕ್ಕದಲ್ಲಿ ಸ, ಗ, ಪ. ಗ, ಅಂದರೆ ಗಾಂಧಾರ ದೊಡ್ಡದಾದರೆ ಮೇಜರ್, ಸಣ್ಣದಾದರೆ ಮೈನರ್. ಪವರ್ ಕಾರ್ಡ್‌ನಲ್ಲಿ ಗಾಂಧಾರವೇ ಇಲ್ಲ. ಬರೀ ಸ ಮತ್ತು ಪ. ಹಾಗಾಗಿ ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ, ಸುಮ್ನೆ ಗಟ್ಟಿಯಾಗಿ ನಿಂತಿರುತ್ತದೆ. ಇದಕ್ಕೆ ಕಾರಣವೂ ಇದೆ. ಆಂಪ್ಲಿಫೈಯರನ್ನು ಅದು ತಾಳುವುದಕ್ಕಿಂತ ಜೋರು ಮಾಡಿದಾಗ ನಾದ ಒಡೆಯುತ್ತದೆ. ಎರಡು ಸ್ವರ ಒಟ್ಟಿಗೆ ಇದ್ದರೆ ಅವುಗಳ ನಡುವಿಂದ ಹೊಸ ನಾದಗಳು ಹುಟ್ಟಿಕೊಳ್ಳುತ್ತವೆ. ಸ ಮತ್ತು ಪ ನಡುವೆ 2ಕ್ಕೆ 3ರ ಸರಳ ಸಂಬಂಧ. ಆದ್ದರಿಂದ ಅಲ್ಲಿ ಹೊಸದಾಗಿ ಹುಟ್ಟುವ ನಾದ ಕೆಳಗಿನ ಸ್ಥಾಯಿಯ ಸ. ಎರಡೇ ಸ್ವರ ನುಡಿಸಿದರೂ ಕೋಣೆ ತುಂಬುವುದು ಅದಕ್ಕೇ. ಗಾಂಧಾರ ಸೇರಿಸಿದರೆ ಅಷ್ಟೂ ಕಲಸಿಹೋಗುತ್ತದೆ.

ಈಗ ವಯೊಲಿನ್ ನೆನಪಿಸಿಕೊಳ್ಳಿ. ಕರ್ನಾಟಕ ಸಂಗೀತದಲ್ಲಿ ವಯೊಲಿನ್‌ನ ನಾಲ್ಕು ತಂತಿಗಳನ್ನು ಶ್ರುತಿ ಮಾಡುವುದು ಹೇಗೆ? ಕೆಳಗಿನಿಂದ ಸ, ಪ, ಸ, ಪ. ಪಕ್ಕದ ಎರಡು ತಂತಿಯ ಮೇಲೆ ಕಮಾನನ್ನು ಒಟ್ಟಿಗೆ ಎಳೆದು, ಸ-ಪ ಒಂದಕ್ಕೊಂದು ಸೇರಿತಾ ಅಂತ ಕಿವಿಯಲ್ಲೇ ನೋಡುತ್ತಾರೆ. ನಿಮ್ಮ ಅಣ್ಣ ಎಂಟನೇ ವಯಸ್ಸಿನಿಂದ ದಿನಾ ಬೆಳಿಗ್ಗೆ ಪಾಠಕ್ಕೆ ಕೂರುವ ಮೊದಲು ಇದನ್ನೇ ಮಾಡಿದ್ದಾರೆ. ಹಿಂದೆ ತಂಬೂರಿಯದ್ದೂ ಅದೇ ಸ-ಪ. ಅಮ್ಮ ಅಡುಗೆಮನೆಯಲ್ಲಿ ನಿಂತು ಎಷ್ಟು ಸಾವಿರ ಸಲ ಅದನ್ನು ಕೇಳಿದ್ದಾರೋ! ಪಂಕ್ ಆಲ್ಬಂನಲ್ಲಿ ಕೇಳುತ್ತಿರುವುದೂ ಅದೇ ಜೋಡಿ. ಅದನ್ನೇ ವೇಗವಾಗಿ, ಜೋರಾಗಿ, ಒಡೆದ ನಾದದಲ್ಲಿ ನುಡಿಸಿದ್ದಾರೆ.

ಇದು ನನ್ನ ಕಲ್ಪನೆ ಅಂತ ಅನಿಸಿದರೆ ಎರಡನೇ ಹಾಡನ್ನು ಇನ್ನೊಮ್ಮೆ ಕೇಳಿ. ಗಿಟಾರ್ ಎಷ್ಟು ಶ್ರುತಿಯಲ್ಲಿದೆ ನೋಡಿ. ಈ ಬಗೆಯ ಸಂಗೀತ ಮಾಡುವ ಹುಡುಗರು ನನ್ನಲ್ಲಿಗೆ ರೆಕಾರ್ಡಿಂಗಿಗೆ ಬಂದಾಗ ನನಗೆ ಅತಿ ಜಾಸ್ತಿ ಸಮಯ ಹೋಗುವುದು ಶ್ರುತಿ ಸರಿ ಮಾಡಿಸುವುದರಲ್ಲೇ. ನಾದವನ್ನು ಒಡೆದಾಗ ಸಣ್ಣ ಅಪಶ್ರುತಿಯೂ ದೊಡ್ಡದಾಗಿ ಕೇಳುತ್ತದೆ. ನಿಮ್ಮ ಅಣ್ಣನ 26 ನಿಮಿಷದಲ್ಲಿ ಒಂದು ಕಡೆಯೂ ಪಂಚಮ, ಅಂದರೆ ಆ ಪ, ಅಲುಗಾಡಿಲ್ಲ. ಅದು ಪಂಕ್ ಕೇಳಿ ಬಂದ ಕಿವಿ ಅಲ್ಲ. ಅದು ಗುರುಗಳ ಎದುರು ಕೂತು ಬಂದ ಕಿವಿ.

"ಹಾಗಾದರೆ ಬಂದದ್ದನ್ನೆಲ್ಲ ನುಡಿಸಬಾರದಾ?" ಅಂತ ಅಮ್ಮ ಕೇಳಬಹುದು. ಇದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ.

ನಾನು ಒಂಬತ್ತು ವರ್ಷ ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸಿದವನು. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ಶಾಲೆ. ಒಂದೇ ರಾತ್ರಿ ಭಕ್ತಿಗೀತೆಯಿಂದ ಶುರು, ಆಮೇಲೆ ಹಳೆಯ ಕನ್ನಡ ಸಿನಿಮಾ, ಹಿಂದಿ, ತುಳು, ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮ ಆದರೆ ಕುಣಿಯುವ ಕೊಂಕಣಿ ಬೈಲಾ ಹಾಡು. ಯಾರು ಯಾವ ಶ್ರುತಿಯಲ್ಲಿ ಹಾಡಿದರೂ ಕೈ ಹಿಂದೆ ಹೋಗಬೇಕು. ಹೋಗುತ್ತದೆ. ಒಂದು ರಾತ್ರಿ ಕುಂದಾಪುರದ ಹತ್ತಿರ ಕಾರ್ಯಕ್ರಮ ಮುಗಿಸಿ ಟೆಂಪೋದಲ್ಲಿ ವಾಪಸ್ ಬರುತ್ತಿದ್ದೆವು. ನಲವತ್ತಕ್ಕಿಂತ ಜಾಸ್ತಿ ಹಾಡು ನುಡಿಸಿದ್ದೆ. ಡ್ರಮ್ ನುಡಿಸುವವರು, "ನಿಮಗೆ ಇಷ್ಟದ್ದು ಯಾವುದಾದರೂ ಹಾಡಿ ಮಾರಾಯ್ರೆ, ನಿದ್ದೆ ಬರ್ತದೆ" ಅಂದರು. ನನಗೆ ಒಂದು ಹಾಡೂ ನೆನಪಾಗಲಿಲ್ಲ. ನೆನಪಾದದ್ದೆಲ್ಲ ಬೇರೆಯವರು ಕೇಳಿದ ಹಾಡುಗಳು. ಬ್ರಹ್ಮಾವರದಿಂದ ಮಂಗಳೂರು ಬರುವವರೆಗೆ ನಾನು ಮಾತೇ ಆಡಲಿಲ್ಲ. ಎಲ್ಲ ಬರುವ ಕೈಗೆ ಇರುವ ಕಷ್ಟ ಇದೇ. ಅದು ಯಾರು ಏನು ಕೇಳಿದರೂ ಕೊಡುತ್ತದೆ. ತನಗೆ ಏನು ಬೇಕು ಅಂತ ಅದನ್ನು ಯಾರೂ ಕೇಳಿರುವುದಿಲ್ಲ.

ಐದನೇ ಹಾಡಿನ ಸಾಹಿತ್ಯ ಗಮನಿಸಿದ್ದೀರಾ? ಅದರಲ್ಲಿ ಅಣ್ಣನ ಸ್ವಂತ ಮಾತು ಒಂದೂ ಇಲ್ಲ. "ಒನ್ಸ್ ಮೋರ್", "ಸ್ವಲ್ಪ ಫಾಸ್ಟ್ ಇರುವಂಥದ್ದು ಹಾಕಿ", "ಊಟಕ್ಕೆ ಕೂತಿದ್ದಾರೆ, ಸೌಂಡ್ ಕಡಿಮೆ ಮಾಡಿ". ವೇದಿಕೆಯ ಕೆಳಗಿಂದ ಬರುವ ಮಾತುಗಳನ್ನೇ ಜೋಡಿಸಿ, ಒಂದೂವರೆ ನಿಮಿಷ ಕೂಗಿ ನಿಲ್ಲಿಸಿಬಿಟ್ಟಿದ್ದಾರೆ. ಅದನ್ನು ಕೇಳಿ ನನಗೆ ಆ ಟೆಂಪೋದ ರಾತ್ರಿ ನೆನಪಾಯಿತು. ಆ ಮಾತನ್ನು ವಯೊಲಿನ್ ಕೃತಿಯಲ್ಲಿ ಹೇಳಲು ಆಗುತ್ತಿರಲಿಲ್ಲ. ರಸಮಂಜರಿ ವೇದಿಕೆಯಲ್ಲಿ ಹೇಳಲು ಮೊದಲೇ ಆಗುತ್ತಿರಲಿಲ್ಲ. ಅದಕ್ಕೆ ಬೇರೆ ಒಂದು ಜಾಗ ಬೇಕಿತ್ತು.

ಹೀಗೆ ತಿರುಗಿದವರಲ್ಲಿ ನಿಮ್ಮ ಅಣ್ಣ ಮೊದಲಿಗರಲ್ಲ. ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಕಂಟ್ರಿ ಮತ್ತು ರಾಕ್ ಹಾಡಿ ದೊಡ್ಡ ಹೆಸರು ಮಾಡಿದವರು. 1980ರಲ್ಲಿ ಅವರು ಪಂಕ್‌ನ ಬೆನ್ನಿಗೇ ಬಂದ ನ್ಯೂ ವೇವ್ ಧಾಟಿಯಲ್ಲಿ ಒಂದು ಆಲ್ಬಂ ಮಾಡಿದರು. ಅಲ್ಲೇ ನಿಲ್ಲಲೂ ಇಲ್ಲ. 1983ರಲ್ಲಿ ದೊಡ್ಡ ವಾದ್ಯವೃಂದದ ಜೊತೆ ಹಳೆಯ ಜಾಝ್ ಕಾಲದ ಹಾಡುಗಳು, 1987ರಲ್ಲಿ ತಮ್ಮ ಮನೆತನದ ಮೆಕ್ಸಿಕನ್ ಹಾಡುಗಳು. ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ತಂಡ ಶುರುವಿನಲ್ಲಿ ಜಾಝ್ ಫ್ಯೂಷನ್, ಅಂದರೆ ಜಾಝ್ ಮತ್ತು ರಾಕ್ ಬೆರೆಸಿದ ಸಂಗೀತ ನುಡಿಸುತ್ತಿತ್ತು. 1970ರ ದಶಕದ ಕೊನೆಗೆ ಪಂಕ್‌ಗೆ ಬಂತು. ಅವರಷ್ಟು ವೇಗದಲ್ಲಿ ಅಷ್ಟು ಅಚ್ಚುಕಟ್ಟಾಗಿ ನುಡಿಸಿದವರು ಕಡಿಮೆ, ಅದಕ್ಕೆ ಅವರ ಹಳೆಯ ಅಭ್ಯಾಸವೇ ಕಾರಣ ಅಂತ ನನ್ನ ಅಭಿಪ್ರಾಯ. ದಿ ಪೊಲೀಸ್ ಎಂಬ ರಾಕ್ ತಂಡದ ಗಿಟಾರಿಸ್ಟ್ ಆಂಡಿ ಸಮರ್ಸ್ ಶಾಸ್ತ್ರೀಯ ಗಿಟಾರ್ ಕಲಿತವರು. 1977ರಲ್ಲಿ ಆ ತಂಡ ಸೇರುವಾಗ ಅವರ ವಯಸ್ಸು 34. ನಿಮ್ಮ ಅಣ್ಣನ ವಯಸ್ಸಿಗೆ ಹತ್ತಿರವೇ, ಅಲ್ವಾ?

ಆದರೆ ಇವರೆಲ್ಲರಿಗಿಂತ ನಿಮಗೆ ಹೇಳಬೇಕಾದ ಹೆಸರು ಜಾನ್ ಕೇಲ್. ವೇಲ್ಸ್‌ನಲ್ಲಿ 1942ರಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ವಯೋಲಾ ನುಡಿಸಿದವರು. ವಯೋಲಾ ಅಂದರೆ ವಯೊಲಿನ್‌ನ ಅಕ್ಕ, ಗಾತ್ರ ಸ್ವಲ್ಪ ದೊಡ್ಡದು, ನಾದ ಸ್ವಲ್ಪ ಕೆಳಗಿನದು. ಲಂಡನ್ನಿನಲ್ಲಿ ಓದಿ, 1963ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ಪಿಯಾನೋ ರಚನೆಯನ್ನು ಹಲವರು ಸರದಿಯಲ್ಲಿ 840 ಸಲ ನುಡಿಸಿದರು, 18 ಗಂಟೆಗೂ ಹೆಚ್ಚು ಹೊತ್ತು. ಅವರಲ್ಲಿ ಕೇಲ್ ಒಬ್ಬರು. ಒಂದೇ ಸ್ವರವನ್ನು ಗಂಟೆಗಟ್ಟಲೆ ಎಳೆದು ಹಿಡಿಯುವ ತಂಡವೊಂದರಲ್ಲೂ ಇದ್ದರು. ಅಂದರೆ ತಂಬೂರಿಯ ಕೆಲಸ! ಆಮೇಲೆ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡಕ್ಕೆ ಬಂದು ರಾಕ್ ಹಾಡುಗಳ ಅಡಿಯಲ್ಲಿ ವಯೋಲಾವನ್ನು ಹಾಗೇ ಎಳೆದರು. 1969ರಲ್ಲಿ ಸ್ಟೂಜಸ್ ತಂಡದ ಮೊದಲ ಆಲ್ಬಂ, 1975ರಲ್ಲಿ ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಂ, ಎರಡಕ್ಕೂ ನಿರ್ಮಾಪಕರು ಅವರೇ. ಪಂಕ್‌ನ ಬೇರು ಹುಡುಕುವವರು ಈ ಮೂರೂ ಕಡೆಗೆ ಹೋಗಿಯೇ ಹೋಗುತ್ತಾರೆ. ಮೂರು ಕಡೆಯೂ ಒಬ್ಬ ಕಲಿತ ತಂತಿವಾದಕ ಕೂತಿದ್ದಾರೆ.

ಕೇಲ್ ವಿಷಯ ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ವಯೊಲಿನ್ ಎಲ್ಲೂ ಇಲ್ಲ ಅಂತ ಬರೆದಿದ್ದೀರಿ. ಹನ್ನೊಂದನೇ ಹಾಡು, ಆ ನಾಲ್ಕು ನಿಮಿಷದ್ದು, ಅದನ್ನು ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿ ಕೇಳಿ. ಎರಡನೇ ಚರಣ ಮುಗಿದ ಮೇಲೆ ಗಿಟಾರಿನ ಅಡಿಯಲ್ಲಿ ಒಂದು ಉದ್ದದ ಷಡ್ಜ, ಅಂದರೆ ಸ, ಇದೆ. ಮೂರನೇ ಸಲ ಕೇಳುವಾಗ ನಾನು ಗಿಟಾರಿನಲ್ಲಿ ಅದನ್ನು ಹಿಡಿಯಲು ನೋಡಿದೆ, ಆಗಲಿಲ್ಲ. ಗಿಟಾರ್ ತಂತಿಯನ್ನು ಮೀಟಿದರೆ ನಾದ ಮೆಲ್ಲಗೆ ಸಾಯುತ್ತದೆ. ಇದು ಸಾಯುವುದಿಲ್ಲ. ಆರೇಳು ಸೆಕೆಂಡಿಗೊಮ್ಮೆ ಒಂದು ಸಣ್ಣ ಮಡಿಕೆ ಬರುತ್ತದೆ, ಅಷ್ಟೆ. ಅದು ಕಮಾನು ದಿಕ್ಕು ಬದಲಿಸುವ ಜಾಗ. ವಯೊಲಿನನ್ನು ಗಿಟಾರಿನ ಆಂಪ್ಲಿಫೈಯರಿಗೆ ಹಾಕಿ ನುಡಿಸಿದ್ದಾರೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಅಣ್ಣನನ್ನೇ ಕೇಳಿ ನೋಡಿ.

ಕಿರುಚಾಟದ ಮಾತು. ಅಮ್ಮ ಉಡುಪಿಯವರು, ಯಕ್ಷಗಾನದ ಆಟ ನೋಡಿಯೇ ಬೆಳೆದಿರುತ್ತಾರೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಜನರ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಆರ್ಭಟ ಕೊಡುತ್ತ ಬರುವಾಗ ಯಾರೂ ಕಿವಿ ಮುಚ್ಚಿಕೊಂಡು ಎದ್ದು ಹೋಗುವುದಿಲ್ಲ. ಮಲಗಿದ ಮಕ್ಕಳನ್ನೂ ಎಬ್ಬಿಸಿ ತೋರಿಸುತ್ತಾರೆ. ಅಲ್ಲಿ ಆ ಕೂಗು ಯಾಕೆ ಬೇಕು ಅಂತ ಎಲ್ಲರಿಗೂ ಗೊತ್ತು. ಅಣ್ಣನ ಹಾಡಿನಲ್ಲೂ ಅದನ್ನೇ ಕೇಳಿ, ಈ ಕೂಗು ಯಾಕೆ ಬಂತು? ಆರನೇ ಹಾಡು ತೆಂಗಿನ ತೋಟ ಮಾರಿ ಹೋದ ಮನೆಯದ್ದು. ಅಲ್ಲಿ ಕೂಗು ಬರುವುದು ಒಂದೇ ಸಲ, ಬಾವಿ ಮುಚ್ಚಿದರು ಅನ್ನುವ ಸಾಲಿನಲ್ಲಿ. ಅದನ್ನು ರಾಗವಾಗಿ ಹಾಡಿದ್ದರೆ ಚಂದ ಆಗುತ್ತಿತ್ತು. ಚಂದ ಆಗಬಾರದು ಅಂತಲೇ ಹಾಗೆ ಹಾಡಿಲ್ಲ.

ಏಳನೇ ಹಾಡು ನನ್ನ ಪ್ರಕಾರ ಆಲ್ಬಂನಲ್ಲೇ ದೊಡ್ಡದು. ಪಂಕ್ ಡ್ರಮ್ ಸಾಮಾನ್ಯವಾಗಿ ತುಂಬ ನೇರ. ಎರಡನೇ ಮತ್ತು ನಾಲ್ಕನೇ ಏಟಿಗೆ ಸ್ನೇರ್ ಡ್ರಮ್ ಬೀಳುತ್ತದೆ, ಮುಗಿಯಿತು. ಇಲ್ಲಿ ಹಾಗಿಲ್ಲ. ಸ್ನೇರ್ ಡ್ರಮ್ಮಿನಲ್ಲಿ ಕೇಳುವುದು ನಮ್ಮ ತಾಸೆ ವಾದ್ಯದ ಪೆಟ್ಟು. ಅಷ್ಟಮಿಯ ವಿಟ್ಲಪಿಂಡಿ ದಿನ ರಥಬೀದಿಯಲ್ಲಿ ಹುಲಿವೇಷದ ಹಿಂದೆ ಬರುವ ಆ ಪೆಟ್ಟು ಕೇಳಿದರೆ ಸಣ್ಣ ಮಕ್ಕಳ ಕಾಲೂ ತನ್ನಷ್ಟಕ್ಕೆ ಎದ್ದುಬಿಡುತ್ತದೆ. ನ್ಯೂಯಾರ್ಕಿನ ವೇಗಕ್ಕೂ ನಮ್ಮ ಪಿಲಿಯ, ಅಂದರೆ ಹುಲಿಯ ವೇಗಕ್ಕೂ ಎಷ್ಟು ಸುಲಭವಾಗಿ ಹೊಂದಾಣಿಕೆ ಆಗಿದೆ! ಇದನ್ನು ಬೆಂಗಳೂರಿನ ತಂಡವಾಗಲಿ, ಲಂಡನ್ನಿನ ತಂಡವಾಗಲಿ ಮಾಡಲು ಆಗುವುದಿಲ್ಲ. ಆ ಬೀದಿಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅದನ್ನು ಕೇಳಿದವರೇ ಮಾಡಬೇಕು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಮೂರನೇ ಹಾಡು ನನಗೆ ಹಿಡಿಸಲಿಲ್ಲ. ನಡುವೆ ಇದ್ದಕ್ಕಿದ್ದಂತೆ ಬೆರಳು ಓಡಿಸಿ, ಕಛೇರಿಯಲ್ಲಿ ಆಗಿಂದಾಗಲೇ ಕಟ್ಟಿ ನುಡಿಸುವ ಕಲ್ಪನಾಸ್ವರದ ಹಾಗೆ ಒಂದು ಮುಕ್ತಾಯ ಹಾಕಿದ್ದಾರೆ. ನುಡಿಸಿದ್ದು ಸೊಗಸಾಗಿದೆ, ಆದರೆ ಹಾಡು ಅದನ್ನು ಕೇಳಿರಲಿಲ್ಲ. "ನನಗೆ ಇದೂ ಬರುತ್ತದೆ" ಅಂತ ಕೈ ಹೇಳಿಬಿಟ್ಟಿದೆ. ಒಂಬತ್ತು ಮತ್ತು ಹತ್ತು ಬೇರೆಯವರು ಮಾಡಿದ ಪಂಕ್‌ನ ನಕಲಿನ ಹಾಗಿವೆ, ಸಾಹಿತ್ಯವೂ ಸಪ್ಪೆ. ಅವೆರಡನ್ನೂ ಬಿಟ್ಟು ಉಳಿದ ಒಂಬತ್ತನ್ನೇ ಇಟ್ಟಿದ್ದರೆ ಆಲ್ಬಂ ಇನ್ನೂ ಗಟ್ಟಿಯಾಗುತ್ತಿತ್ತು. ಇದನ್ನು ಅಣ್ಣನಿಗೆ ಹೇಳುವುದಾದರೆ ಹೇಳಿ, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಒಳ್ಳೆಯ ಸಂಗೀತಗಾರರಿಗೆ ಹೊಗಳಿಕೆಗಿಂತ ಇಂಥದ್ದು ಜಾಸ್ತಿ ಬೇಕಾಗಿರುತ್ತದೆ.

ನಮ್ಮ ಊರಿನ ಒಂದು ಉದಾಹರಣೆ ಅಮ್ಮನಿಗೆ ಹೇಳಿ. ಕದ್ರಿ ಗೋಪಾಲನಾಥರು ಬಂಟ್ವಾಳ ತಾಲೂಕಿನ ಸಜಿಪದವರು. ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದರು. ಅದು ಬ್ಯಾಂಡಿನ ವಾದ್ಯ, ಸ್ವರವನ್ನು ಓಲಾಡಿಸುವ ನಮ್ಮ ಗಮಕಕ್ಕೆ ಸುಲಭವಾಗಿ ಒಗ್ಗುವುದೂ ಇಲ್ಲ. ಅವರು ವರ್ಷಗಟ್ಟಲೆ ಅದರ ಜೊತೆ ಹೆಣಗಿದರು, ವಾದ್ಯವನ್ನೇ ಸ್ವಲ್ಪ ಬದಲಿಸಿಕೊಂಡರು. 1994ರಲ್ಲಿ ಲಂಡನ್ನಿನ ದೊಡ್ಡ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಬೀದಿಯ ವಾದ್ಯವನ್ನು ಅವರು ಕಛೇರಿಗೆ ತಂದರು. ನಿಮ್ಮ ಅಣ್ಣ ಕಛೇರಿಯ ಕಿವಿಯನ್ನು ಬೀದಿಗೆ ತೆಗೆದುಕೊಂಡು ಹೋಗಿದ್ದಾರೆ. ಅವರಷ್ಟು ದೂರ ಇವರು ಹೋಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಂದು ಆಲ್ಬಂನಿಂದ ಅದನ್ನು ಹೇಳಲು ಆಗುವುದಿಲ್ಲ. ಆದರೆ ದಾರಿ ಬಿಟ್ಟು ಹೋದಂತೆ ಕಂಡವರೆಲ್ಲ ಕಲಿತದ್ದನ್ನು ಬಿಟ್ಟು ಹೋಗಿರುವುದಿಲ್ಲ.

ಇನ್ನು ಅಮ್ಮ ಚಿಂತೆ ಮಾಡಲೇಬೇಕಾದ ವಿಷಯ ಎರಡಿವೆ, ಗಂಟಲು ಮತ್ತು ಕಿವಿ. ಎಂಟನೇ ಹಾಡಿನಲ್ಲಿ ಧ್ವನಿ ಬಳಲಿರುವುದು ನನಗೆ ಕೇಳಿತು. ಕೂಗನ್ನು ಗಂಟಲಿನಿಂದ ಹಿಂಡಿ ತೆಗೆದರೆ ಧ್ವನಿತಂತುಗಳ ಮೇಲೆ ಗಂಟು ಬರಬಹುದು. ಯಕ್ಷಗಾನದ ಹಾಡುಗಾರರಾದ ಭಾಗವತರು ಏರುಶ್ರುತಿಯಲ್ಲಿ ಇಡೀ ರಾತ್ರಿ ಹಾಡುವುದು ಹೊಟ್ಟೆಯ ಉಸಿರಿನಿಂದ. ಅಣ್ಣ ಒಬ್ಬ ಅನುಭವಿ ಭಾಗವತರ ಹತ್ತಿರ ನಾಲ್ಕು ದಿನ ಕೂತು ಅದನ್ನು ನೋಡಿಕೊಂಡರೆ ತುಂಬ ಒಳ್ಳೆಯದು. ಮೂರು ವಾರ ಕಳೆದರೂ ಒಡೆದ ಧ್ವನಿ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು, ಕಷಾಯ ಕುಡಿದು ಕಾಯುವುದು ಬೇಡ.

ಕಿವಿಯ ವಿಷಯ ಇನ್ನೂ ಮುಖ್ಯ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ ಮತ್ತು ಗಿಟಾರ್ ಒಟ್ಟಿಗೆ ನುಡಿಸಿದರೆ 100 ದಾಟುವುದು ಕಷ್ಟವೇ ಅಲ್ಲ. ಆ ಪಂಚಮ ಹಿಡಿದ ಕಿವಿ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಸಂಗೀತಗಾರರಿಗೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಅಭ್ಯಾಸಕ್ಕೂ ಅದು ಬೇಕು. ಅಣ್ಣನಿಗೆ ಏನಾದರೂ ಉಡುಗೊರೆ ಕೊಡಬೇಕು ಅಂತಿದ್ದರೆ ಅದನ್ನೇ ಕೊಡಿ.

ಅಮ್ಮನಿಗೆ ಮೊದಲು ಏಳನೇ ಹಾಡು ಹಾಕಿ, ಆಮೇಲೆ ಹನ್ನೊಂದು. ಒಂದನೇ ಹಾಡಿನಿಂದ ಶುರು ಮಾಡಬೇಡಿ. ಮುಂದೆ ಎಲ್ಲಾದರೂ ಅವರು ಇದನ್ನು ವೇದಿಕೆಯಲ್ಲಿ ನುಡಿಸಿದರೆ ಅಮ್ಮನನ್ನು ಕರೆದುಕೊಂಡು ಹೋಗಿ. ಸ್ಪೀಕರಿನ ಹತ್ತಿರ ಬೇಡ, ಹಿಂದೆ, ಸೌಂಡ್ ಮಿಕ್ಸರ್ ಇಟ್ಟುಕೊಂಡು ಕೂರುವವರ ಪಕ್ಕದಲ್ಲಿ ಕೂರಿಸಿ. ಸದ್ದು ಅಲ್ಲೇ ಸರಿಯಾಗಿ ಕೇಳುವುದು. ಅಣ್ಣನ ಮುಖವೂ ಅಲ್ಲಿಂದ ನೇರ ಕಾಣುತ್ತದೆ.